ಮುಂದಿನ ಗಾಲಿಯ ಟೈರು

ರೇಖಾ, ನೀನು ಔರಾದಿನಿಂದ ಸೀದಾ ಮನೆಗೇ ಬರುತ್ತಿದ್ದೆ. ಎಲ್ಲಿಯೂ ತಿರುಗುತ್ತಿರಲಿಲ್ಲ, ಯಾರ ಮನೆಗೂ ಹೋಗುತ್ತಿರಲಿಲ್ಲ. ನಿನ್ನ ಮೇಲೆ ನಾನು ಹೊರಿಸಿದ್ದು ಸುಳ್ಳು — ಅದು ಸುಳ್ಳೆಂದು ಗೊತ್ತಾದ ಮೇಲೂ ನಿನ್ನಪ್ಪ ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದಾನೆ.

ಭಾಲ್ಕಿಯ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ವ್ಯಾಸ ಕಡಿಮೆಯಾದರೆ ಪರಿಧಿಯೂ ಕಡಿಮೆಯಾಗುತ್ತದೆ ಎಂದು ಹಲಗೆಯ ಮೇಲೆ ಬರೆದು, ತಪ್ಪಿದ ಹುಡುಗರ ಕಿವಿ ಹಿಂಡಿದವನು. ನನ್ನ ಕಿವಿ ಹಿಂಡುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಔರಾದಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಿನಗೆ ಕೆಲಸ ಸಿಕ್ಕಾಗ ನನ್ನ ಮೋಟರ್‌ಸೈಕಲ್ಲನ್ನು ನಿನಗೆ ಬಿಟ್ಟುಕೊಟ್ಟೆ. ಬೀದರಿನ ನಮ್ಮ ಗಲ್ಲಿಯಲ್ಲಿ ಮೋಟರ್‌ಸೈಕಲ್ ಓಡಿಸುವ ಹೆಣ್ಣುಮಗಳು ನೀನೊಬ್ಬಳೇ ಎಂದು ಎದೆ ಉಬ್ಬಿಸಿಕೊಂಡು ತಿರುಗಿದೆ. ಆದರೆ ಸಂಜೆ ನೀನು ಬಂದ ಕೂಡಲೇ ಬಟ್ಟೆ ಹಿಡಿದು ಗಾಡಿ ಒರೆಸುತ್ತಿದ್ದೆನಲ್ಲ — ಅದು ನೆಪ. ನಾನು ನೋಡುತ್ತಿದ್ದದ್ದು ಮೀಟರ್. ಗಾಡಿ ಕೊಟ್ಟಿದ್ದೆ, ನಂಬಿಕೆ ಕೊಟ್ಟಿರಲಿಲ್ಲ. ಹೋಗಿ ಬರುವುದಕ್ಕೆ ಎಂಬತ್ತು ಕಿಲೋಮೀಟರ್, ಒಂದಷ್ಟು ಆಚೀಚೆ. ಅಷ್ಟೇ ಇದ್ದರೆ ರಾತ್ರಿ ನನಗೆ ಊಟ ಸೇರುತ್ತಿತ್ತು.

ಮುಂದಿನ ಟೈರು ಒಡೆದಾಗ ಹೊಸದು ಹಾಕಿಸಬೇಕಿತ್ತು. ನಾನು ಹಾಕಿಸಲಿಲ್ಲ. ಮಾರಿದ್ದ ಹಳೆಯ ಗಾಡಿಯದೊಂದು ಟೈರು ಹಿತ್ತಲಲ್ಲಿ ಬಿದ್ದಿತ್ತು, ಅದನ್ನೇ ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರದ ಮೆಕ್ಯಾನಿಕ್ ಬಳಿ ಒಯ್ದೆ. ಅವನು ತಿರುಗಿಸಿ ನೋಡಿ, "ಇದು ಒಂದ್ ನಂಬರ್ ಸಣ್ಣದು ಅದರಿ ಸರ್, ಸವದೂ ಹೋಗ್ಯಾದ" ಅಂದ.

"ರಿಮ್ಮಿಗಿ ಕೂಡ್ತದಲ್ಲ? ನಡೀತದ, ಹಾಕು" ಅಂದೆ.

ನುಣ್ಣಗೆ ಸವೆದ ಟೈರಿನ ಮೇಲೆ ಮಗಳನ್ನು ಲಾರಿಗಳ ನಡುವೆ ಕಳಿಸಿದೆ. ಇದೊಂದಕ್ಕೇ ನನ್ನನ್ನು ನಾನು ಬೈದುಕೊಳ್ಳಲು ಒಂದು ಜನ್ಮ ಸಾಲದು. ಆದರೆ ಇದಕ್ಕಿಂತ ಕೆಟ್ಟದ್ದನ್ನು ಮುಂದೆ ಮಾಡಿದೆ.

ಆಮೇಲೆ ಮೀಟರ್ ಎಂಬತ್ತಮೂರು ತೋರಿಸತೊಡಗಿತು, ಕೆಲವು ದಿನ ಎಂಬತ್ನಾಲ್ಕು. ಆ ಮೂರು ನಾಲ್ಕು ಕಿಲೋಮೀಟರಿನಲ್ಲಿ ನಾನೊಂದು ಮನೆ ಕಟ್ಟಿದೆ, ಆ ಮನೆಯಲ್ಲಿ ಒಬ್ಬ ಹುಡುಗನನ್ನು ಕೂರಿಸಿದೆ. ಒಂದು ಸಂಜೆ ನೀನು ಹೆಲ್ಮೆಟ್ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತು, ಗಲ್ಲಿಗೆಲ್ಲ ಕೇಳುವ ಹಾಗೆ ಕೂಗಿದೆ: "ಈ ನಾಕ್ ಕಿಲೋಮೀಟರ್ ಎಲ್ಲಿದು? ಯಾರ ಮನಿಗಿ ಹೋಗಿದ್ದಿ?"

"ಎಲ್ಲಿಗೂ ಇಲ್ರಿ ಅಪ್ಪಾ. ಟೈರ್ ಬದಲಿ ಮಾಡಿದಾಗಿಂದ ಮೀಟರಿನ ಮುಳ್ಳು ಜಾಸ್ತಿ ತೋರಸ್ತದ. ಐವತ್ತು ಅಂತದ, ಗಾಡಿ ಅಷ್ಟು ಓಡಂಗಿಲ್ಲ."

ನೋಡು — ಉತ್ತರವನ್ನು ಅಂಗೈ ಮೇಲೆ ಇಟ್ಟು ಕೊಟ್ಟಿದ್ದೆ ನೀನು! ನಾನೇನಂದೆ? "ನನಗ ಗಣಿತ ಕಲಸ್ತಿಯೇನ? ಮನುಷ್ಯಾ ಸುಳ್ಳ ಹೇಳ್ತಾನ, ಮೀಟರ್ ಹೇಳಂಗಿಲ್ಲ."

ಮರುದಿನ ಬಸ್ಸು ಹತ್ತಿ ಔರಾದಿಗೆ ಹೋದೆ. ನಿನ್ನ ಜೊತೆಯವರೆಲ್ಲ ಇದ್ದಾಗಲೇ, ನೀನು ರಕ್ತ ತೆಗೆಯುತ್ತಿದ್ದ ಮೇಜಿನ ಎದುರೇ ನಿಂತು, "ಇಕಿ ದಿನಾ ಎಷ್ಟಕ್ಕ ಬಿಡ್ತಾಳ್ರಿ? ಯಾರ ಸಂಗಟ ಹೋಗ್ತಾಳ?" ಎಂದು ಕೇಳಿದೆ. ಯಾರೋ ನಕ್ಕರು. ನೀನು ಸೂಜಿಯನ್ನು ಟ್ರೇಯಲ್ಲಿಟ್ಟು ಕೈ ತೊಳೆದುಕೊಂಡು ಹೊರಗೆ ಹೋದೆ. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ನಮ್ಮ ಗಲ್ಲಿಯ ದೊಡ್ಡಮನುಷ್ಯರು ಬಂದು, "ಛಲೋ ಮಾಡಿದ್ರಿ ಮಾಸ್ತರ್, ಲಗಾಮ್ ಇರಬೇಕು" ಅಂದರು. ಅವರಿಗೆ ಚಹಾ ಕುಡಿಸಿ ಕಳಿಸಿದೆ! ಇವತ್ತು ಅವರ ಮುಖ ಕಂಡರೆ ಮೈ ಉರಿಯುತ್ತದೆ — ಅವರ ಮೇಲಲ್ಲ, ಆ ಚಹಾ ಕುಡಿಸಿದವನ ಮೇಲೆ.

ಆ ವಾರವೇ ನೀನು ಬಿಟ್ಟುಬಂದಿದ್ದ ಏಪ್ರನ್ನು, ಟಿಫಿನ್ ಡಬ್ಬಿ ತರಲು ಅದೇ ಗಾಡಿಯಲ್ಲಿ ಔರಾದಿಗೆ ಹೋದೆ. ಸೀದಾ ಹೋದೆ, ಸೀದಾ ಬಂದೆ, ನಡುವೆ ನೀರಿಗೂ ನಿಲ್ಲಲಿಲ್ಲ. ಮನೆಗೆ ಬಂದು ರೂಢಿಯಂತೆ ಬಟ್ಟೆ ಹಿಡಿದು ಬಗ್ಗಿದರೆ — ಎಂಬತ್ನಾಲ್ಕು.

ನಾನು ಯಾರ ಮನೆಗೆ ಹೋಗಿದ್ದೆ, ರೇಖಾ?

ಮೀಟರಿಗೆ ದಾರಿ ಗೊತ್ತಿಲ್ಲ. ಮುಂದಿನ ಗಾಲಿ ಎಷ್ಟು ಸುತ್ತು ಹಾಕಿತು ಎಂಬುದಷ್ಟೇ ಅದಕ್ಕೆ ಗೊತ್ತು. ಟೈರು ಸಣ್ಣದಿದ್ದರೆ, ಸವೆದಿದ್ದರೆ, ಅದೇ ದಾರಿಗೆ ಸುತ್ತು ಹೆಚ್ಚು. ಮುಳ್ಳು ತೋರಿಸುವ ವೇಗವೂ ಹೆಚ್ಚು, ದೂರವೂ ಹೆಚ್ಚು. ನಾನೇ ಕಲಿಸಿದ ಪಾಠ. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ, ಒಳಗೆ ನೀನು ನಿನ್ನಮ್ಮನ ಜೊತೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಕೇಳುತ್ತಿತ್ತು. ಎದ್ದು ಒಳಗೆ ಬಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಔರಾದಿನಲ್ಲಿ ಅಷ್ಟು ಜನರೆದುರು ಆಡಿದ್ದನ್ನು ಹೇಗೆ ನುಂಗುವುದು, ಮಾಸ್ತರ ಮಾತು ತಪ್ಪಾಯಿತೆಂದರೆ ಹೇಗೆ —

ಮರುದಿನ ಸರಿಯಾದ ಅಳತೆಯ ಹೊಸ ಟೈರು ಹಾಕಿಸಿದೆ. ಹಳೆಯದನ್ನು ಬಚ್ಚಲುಮನೆಯ ತಗಡು ಗಾಳಿಗೆ ಹಾರದಂತೆ ಮೇಲೆ ಹೇರಿದೆ. ಯಾರಿಗೂ ಹೇಳಲಿಲ್ಲ, ನಿನ್ನಮ್ಮನಿಗೂ.

ಈಗ ನೀನು ಭಾಲ್ಕಿಯಲ್ಲಿ ಕೆಲಸ ಹಿಡಿದು ಬೇರೆ ಮನೆ ಮಾಡಿದ್ದೀಯ, ನಿನ್ನದೇ ಗಾಡಿ ಇದೆ. ಹಬ್ಬಕ್ಕೆ ಬರುತ್ತೀಯ. ಬಂದಾಗಲೆಲ್ಲ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಚಪ್ಪಲಿ ಬಿಡುವ ಮೊದಲು, ಸಿಟ್ಟಿಲ್ಲದ ದನಿಯಲ್ಲಿ ಅದೇ ಮಾತು: "ಅಪ್ಪಾ, ಮೀಟರ್ ನೋಡ್ಕೋರಿ." ಆಮೇಲೆ ಒಳಗೆ ಹೋಗಿ ನಿನ್ನಮ್ಮನ ಜೊತೆ ನಗುತ್ತೀಯ. ನಾನು ತಲೆ ಎತ್ತಿದರೆ ತಗಡಿನ ಮೇಲೆ ಆ ಟೈರು.

ಇವತ್ತು ಬೆಳಿಗ್ಗೆ ಅದನ್ನು ಕೆಳಗಿಳಿಸಿದೆ. ಕ್ಷಮೆ ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ಔರಾದಿಗೆ ಹೋಗುತ್ತೇನೆ, ಅದೇ ಮೇಜಿನ ಎದುರು ನಿಂತು, ಇದ್ದವರಿಗೆಲ್ಲ ಹೇಳುತ್ತೇನೆ. ಮುಂದಿನ ಸಲ ನೀನು ಬಂದಾಗ ಮೀಟರಿನ ಮಾತು ಎತ್ತುವ ಮೊದಲೇ ಬಾಗಿಲಲ್ಲಿ ನಿಂತಿರುತ್ತೇನೆ, ಟೈರು ಹಿಡಿದುಕೊಂಡು. ಅವತ್ತು ಕೂಗಿದಷ್ಟೇ ಜೋರಾಗಿ ಕೂಗುತ್ತೇನೆ. ಗಲ್ಲಿ ಕೇಳಲಿ.