ಕಾಲು ಹೆಣೆದು ನಗುತ್ತಿದ್ದ ಗೌರಕ್ಕ

ಬಸ್ಸಿನ ಬ್ರೇಕು ಫೇಲಾಗಬಹುದು. ಎದುರಿನಿಂದ ಕಾಯಿ ತುಂಬಿದ ಲಾರಿ ನುಗ್ಗಬಹುದು. ಚಿಕ್ಕನಾಯಕನಹಳ್ಳಿ ಸ್ಟ್ಯಾಂಡಿನಲ್ಲಿ ಗೌರಕ್ಕನ ಪರ್ಸು ಹೋಗಬಹುದು, ಒಂದು ಕಾಲು ಇನ್ನೂ ನೆಲದ ಮೇಲಿರುವಾಗಲೇ ಕಂಡಕ್ಟರು ರೈಟ್ ಅಂದುಬಿಡಬಹುದು. ತಿಪಟೂರಿನಲ್ಲಿ ಇಳಿದು ನಮ್ಮ ಮನೆ ದಾರಿಯನ್ನೇ ಮರೆಯಬಹುದು. ಮೊಮ್ಮಗಳ ನಾಮಕರಣಕ್ಕೆ ಆಕೆ ಬಸ್ಸಿನಲ್ಲಿ ಬರುತ್ತಿದ್ದ ಬೆಳಿಗ್ಗೆ, ಒಗ್ಗರಣೆ ಸೀದುಹೋಗುವವರೆಗೂ ನಾನು ಇದನ್ನೆಲ್ಲ ಯೋಚಿಸಿದೆ. ಈ ಒಂದು ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲಿಲ್ಲ.

ಗೌರಕ್ಕ ನನ್ನ ಓರಗಿತ್ತಿ, ನನ್ನ ಯಜಮಾನರ ಅಣ್ಣನ ಹೆಂಡತಿ. ನಗು ಬರುವ ಮೊದಲೇ ಆಕೆಯ ಕಾಲುಗಳು ಹೆಣೆದುಕೊಳ್ಳುತ್ತಿದ್ದವು. ಆಮೇಲೆ ನಗು, ಅಟ್ಟದಿಂದ ಕೊಬ್ಬರಿ ಗಿಟುಕು ಉರುಳಿದ ಹಾಗೆ. ಕಾಲು ಹೆಣೆಯುವುದು ನಾಚಿಕೆಗೆ ಎಂದೇ ನಾವೆಲ್ಲ ತಿಳಿದಿದ್ದೆವು. ಕೊನೆಯ ಹೆರಿಗೆಯಾದಾಗಿನಿಂದ ನಕ್ಕರೆ, ಸೀನಿದರೆ, ಕಾಯಿ ಮೂಟೆ ಎತ್ತಿದರೆ ಮೂತ್ರ ಸೋರುತ್ತದೆಂದು ಆಕೆ ಯಾರಿಗೂ ಹೇಳಿರಲಿಲ್ಲ. ಬಸ್ಸು ಹತ್ತುವುದನ್ನೇ ಬಿಟ್ಟಿದ್ದಳು. ಮದುವೆ ಮುಂಜಿಗೆ ಕರೆದರೆ, “ಎಮ್ಮೆ ಯಾರು ಕರೀತಾರೆ ಬುಡು” ಅನ್ನುತ್ತಿದ್ದಳು.

ನನ್ನ ಮಗಳು ವಾಣಿಯ ಬಾಣಂತನಕ್ಕೆ ನೆರವಾಗಲೆಂದು ಗೌರಕ್ಕನನ್ನು ಆಕೆಯ ಮಗ ಕಾರಿನಲ್ಲಿ ಕರೆತಂದು ಬಿಟ್ಟ. ಬಸಿರಿದ್ದಾಗಲೇ ಆಸ್ಪತ್ರೆಯ ಫಿಸಿಯೋಥೆರಪಿ ಹುಡುಗಿ ವಾಣಿಗೊಂದು ವ್ಯಾಯಾಮ ಕಲಿಸಿದ್ದಳು: ಮೂತ್ರ ತಡೆಯುವ ಹಾಗೆ ಒಳಗಿನ ಸ್ನಾಯುಗಳನ್ನು ಮೇಲಕ್ಕೆಳೆದು ಹಿಡಿಯಬೇಕು, ಉಸಿರು ಕಟ್ಟಬಾರದು, ಮೆಲ್ಲಗೆ ಸಡಿಲ ಬಿಡಬೇಕು. ವಾಣಿ ಕಣ್ಣು ಮುಚ್ಚಿ ಮಾಡುತ್ತಿದ್ದಳು.

“ಏನವ್ವಾ ಅದು, ಜಪ ಮಾಡ್ತಿದೀಯಾ?” ಎಂದಳು ಗೌರಕ್ಕ.

“ವ್ಯಾಯಾಮ ದೊಡ್ಡಮ್ಮ. ಹೆರಿಗೆ ಆದ್ಮೇಲೆ ಸೋರ್ತದಲ್ಲ, ಅದಕ್ಕೆ.”

ಗೌರಕ್ಕನ ಕೈಯಲ್ಲಿದ್ದ ಮಗುವಿನ ಬಟ್ಟೆ ಅರ್ಧ ಮಡಿಚಿದಂತೆಯೇ ನಿಂತಿತು. “ಹೆತ್ತೋರಿಗೆಲ್ಲ ಇಷ್ಟೇಯ ಅಂದ್ಕೊಂಡಿದ್ದೆ,” ಎಂದಳು.

ಅಂದಿನಿಂದ ಆಕೆಯೂ ಶುರುಮಾಡಿದಳು. ಊರಿಗೆ ಹೋದ ಮೇಲೆ ಫೋನಿನಲ್ಲಿ ವರದಿ: “ಉಣ್ಣಾಕೆ ಕೂತಾಗ್ಲೂ ಮಾಡ್ತೀನಿ ಕಣೇ. ನಿಮ್ಮ ಭಾವ ಎದುರ್ಗೇ ಕೂತಿರ್ತಾರೆ, ಪಾಪ, ಏನೂ ಗೊತ್ತಾಗಲ್ಲ!” ಸೋರುವುದು ಕಡಿಮೆಯಾಗುತ್ತಿತ್ತು. ನೀರು ಕುಡಿ ಎಂದು ನಾವು ಎಷ್ಟು ಹೇಳಿದರೂ ಮಾತ್ರ ಬಗ್ಗಲಿಲ್ಲ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಆಕೆಯ ಬಾಣಂತನದಲ್ಲಿ ಗುಟುಕು ಗುಟುಕೇ ಕೊಟ್ಟಿದ್ದರು. ಅಲ್ಲಿ ಕಲಿತ ದಾಹವನ್ನೇ ಸೋರುವುದಕ್ಕೂ ಮದ್ದು ಮಾಡಿಕೊಂಡಿದ್ದಳು. ಬಂದವರಿಗೆಲ್ಲ ಎಳನೀರು ಕೊಚ್ಚಿ ಕೊಟ್ಟು ತಾನು ತುಟಿ ಒದ್ದೆ ಮಾಡಿಕೊಳ್ಳುವಳು. “ಒಳಕ್ಕೆ ಹೋದ್ರೆ ತಾನೆ ಹೊರಕ್ಕೆ ಬರೋದು?”

ಐದನೇ ತಿಂಗಳಿಗಿಟ್ಟ ನಾಮಕರಣಕ್ಕೆ ಕಾರು ಬೇಡವೆಂದಳು. “ನಾನೇ ಬಸ್ಸಲ್ಲಿ ಬತ್ತೀನಿ. ಕಿಟಕಿ ಪಕ್ಕ ಕೂತು ಎಷ್ಟು ಕಾಲ ಆಯ್ತು!”

ಬಂದಳು, ಒಬ್ಬಳೇ. ತೊಡೆ ಮೇಲೆ ಮಲಗಿಸಿಕೊಂಡ ಮಗು ರೇಷ್ಮೆ ಸೀರೆಯನ್ನು ಪೂರ್ತಿ ಒದ್ದೆ ಮಾಡಿತು. “ನಿಂಗಾದ್ರೆ ಯಾರೂ ಏನೂ ಅನ್ನಲ್ಲ ಬುಡವ್ವ!” ಎಂದು ಗೌರಕ್ಕ ಕಾಲು ಚಾಚಿಕೊಂಡೇ ಮನೆ ತುಂಬ ನಕ್ಕಳು. ನಾನು ಮಗುವನ್ನು ಎತ್ತಿಕೊಳ್ಳಹೋದಾಗ ತಾಗಿದ ಆಕೆಯ ಕೈ ಕಾದ ಹೆಂಚಿನಂತೆ ಸುಟ್ಟಿತು. “ಬಿಸ್ಲು ಕಣೇ,” ಎಂದಳು.

ಸಂಜೆಗೆ ನಡುಕ ಬಂತು. ಉರಿಮೂತ್ರವನ್ನು ನಾಮಕರಣ ತಪ್ಪೀತೆಂದು ಮುಚ್ಚಿಟ್ಟಿದ್ದಳು. ಸೋಂಕು ಕಿಡ್ನಿ ದಾಟಿ ರಕ್ತಕ್ಕೆ ಸೇರಿದೆ ಎಂದರು ಡಾಕ್ಟರು. ಆಸ್ಪತ್ರೆಯಿಂದ ಗೌರಕ್ಕ ಮನೆಗೆ ಬರಲಿಲ್ಲ.

ಮಾತು ನಿಲ್ಲುವ ಮೊದಲು ನನ್ನ ಕೈ ಹಿಡಿದು, “ದಾರೀಲಿ ಒಂದು ಹನೀನೂ ಸೋರ್ಲಿಲ್ಲ,” ಎಂದಿದ್ದಳು, ಹೆಮ್ಮೆಯಿಂದ. “ವ್ಯಾಯಾಮ ಒಂದನ್ನೇ ನಂಬ್ಕೊಂಡು ಬರಾಕೆ ಧೈರ್ಯ ಸಾಲ್ಲಿಲ್ಲ ಕಣೇ. ನೆನ್ನೆಯಿಂದ ನೀರು ಕುಡ್ದಿಲ್ಲ.”