ಅತ್ತೆಯ ಒಲೆ, ಮಾವನ ಅಟ್ಟ

ವಿಜ್ಞಾನದ ವಿಷಯದಲ್ಲಿ ನನಗೆ ಅಭಿಪ್ರಾಯಗಳಿಗೆ ಯಾವತ್ತೂ ಬರವಿರಲಿಲ್ಲ. ತಿಳಿವಳಿಕೆಗೆ ಮಾತ್ರ ಇತ್ತು. ಚನ್ನರಾಯಪಟ್ಟಣದಲ್ಲಿ ನಮ್ಮಪ್ಪನದು ಚಿಲ್ಲರೆ ಅಂಗಡಿ. ಬೆಲ್ಲ, ಮೆಣಸಿನಕಾಯಿ ಕಟ್ಟಿಕೊಡಲು ತರುತ್ತಿದ್ದ ಹಳೇ ಪತ್ರಿಕೆಗಳನ್ನು ಪೊಟ್ಟಣವಾಗುವ ಮೊದಲೇ ನಾನು ಓದಿಬಿಡುತ್ತಿದ್ದೆ. ಹಾಗಾಗಿ ನನ್ನ ವಿದ್ಯೆಯೆಲ್ಲ ಅರ್ಧಂಬರ್ಧ. ಪರಮಾಣುವನ್ನು ಒಡೆಯಬಹುದು ಅಂತ ಗೊತ್ತಿತ್ತು, ಒಡೆದ ಮೇಲೆ ಏನಾಗುತ್ತದೆ ಅನ್ನುವ ಭಾಗ ಯಾರೋ ಗಿರಾಕಿಯ ಕಡಲೆಬೇಳೆಯ ಜೊತೆ ಹೋಗಿಬಿಟ್ಟಿತ್ತು. ಆದರೂ ಗೊತ್ತಿದ್ದ ಅರ್ಧವನ್ನು ಹೇಳದೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಐವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಹಳ್ಳಿಮೈಸೂರಿನ ಹತ್ತಿರದ ಒಂದು ಊರಿಗೆ ಬಂದೆ. ನಮ್ಮ ಮನೆಯವರು ಅರಕಲಗೂಡಿನಲ್ಲಿ ಮೇಷ್ಟ್ರು. ಶನಿವಾರ ಬಸ್ಸಿಳಿದು ಬಂದರೆ ಸೋಮವಾರ ಬೆಳಿಗ್ಗೆ ಮತ್ತೆ ಬಸ್ಸು. ಉಳಿದ ದಿನಗಳಲ್ಲಿ ಮನೆಯಲ್ಲಿ ಅತ್ತೆ, ಮಾವ, ನಾನು, ಮೂರೇ ಜನ. ಮಾವನದು ಮಾತು ಕಡಿಮೆ. ನನ್ನ ಅಭಿಪ್ರಾಯಗಳೆಲ್ಲ ಅತ್ತೆಯ ಪಾಲಿಗೇ ಬಂದವು. ಮನುಷ್ಯರು ಮಾಡಿದ ಒಂದು ಗೋಳ ಆಕಾಶದಲ್ಲಿ ಭೂಮಿಯನ್ನು ಸುತ್ತುತ್ತಿದೆಯಂತೆ ಅಂತ ನಾನು ಹೇಳಿದಾಗ ಅವರು ಊದುಗೊಳವೆ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ಅದನ್ ಮಾಡ್ದೋರ್ಗೆ ಒಸಿ ಏಳಮ್ಮಿ," ಅಂದರು, "ಅಷ್ಟ್ ದೂರ ಓಗೋ ಬದ್ಲು ನಮ್ಮ್ ಅಡ್ಗೆಮನೆಗೊಂದ್ ಕಿತ ಬಂದೋಗ್ಲಿ ಅಂತ."

ಆ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ಅಡುಗೆಮನೆಗೆ ಇದ್ದದ್ದು ಅಂಗೈಯಗಲದ ಒಂದು ಗವಾಕ್ಷಿ. ಸೌದೆ ಹಸಿಯಾಗಿದ್ದ ದಿನ ಒಳಗೆ ಹೋದರೆ ಪಾತ್ರೆ ಯಾವುದು, ಅತ್ತೆ ಯಾರು ಅಂತ ತಿಳಿಯುತ್ತಿರಲಿಲ್ಲ. ಹೊಗೆ ಮೇಲೆದ್ದು, ಹಲಗೆಗಳ ಸಂದಿಯಿಂದ ಅಟ್ಟಕ್ಕೆ ಹೋಗಿ, ಅಲ್ಲಿಂದ ಹೆಂಚಿನ ಸಂದಿಯಲ್ಲಿ ನಿಧಾನಕ್ಕೆ ಹೊರಗೆ ಹೋಗಬೇಕು. ಅದಕ್ಕೇನೂ ಅವಸರವಿರಲಿಲ್ಲ. ಮಾವ ಆ ಕಡೆ ತಲೆಹಾಕುತ್ತಿರಲಿಲ್ಲ, ಪಡಸಾಲೆಯಲ್ಲೇ ಕೂತು ಉಣ್ಣುತ್ತಿದ್ದರು. ಅತ್ತೆಗೆ ಕಣ್ಣಲ್ಲಿ ಸದಾ ನೀರು, ಎದೆಯಲ್ಲಿ ಸದಾ ಕೆಮ್ಮು. ನಾನು ಬಂದದ್ದನ್ನು ಬಳೆ ಸದ್ದಿನ ಮೇಲೆ ಗುರುತು ಹಿಡಿಯುತ್ತಿದ್ದರು. ಅದು ಪ್ರೀತಿ ಅಂತ ನಾನು ಬಹಳ ದಿನ ಹಿಗ್ಗಿದ್ದೆ. ಒಂದು ದಿನ ಅಂಗಳದ ಬೆಳಕಿನಲ್ಲೇ ಎದುರಿಗೆ ನಿಂತಿದ್ದರೂ "ಯಾರದು?" ಅಂದಾಗ ಅವರಿಗೆ ನನ್ನ ಮುಖ ಕಾಣುತ್ತಲೇ ಇಲ್ಲ ಅಂತ ತಿಳಿಯಿತು.

ಮನೆಯವರು ರಜೆ ಹಾಕಿ ಅತ್ತೆಯನ್ನೂ ನನ್ನನ್ನೂ ಹಾಸನಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಕಣ್ಣು ಇನ್ನೂ ಕೈಬಿಟ್ಟಿಲ್ಲ, ಆದರೆ ಹೊಗೆ ನಿಲ್ಲಬೇಕು, ನಿಲ್ಲದಿದ್ದರೆ ಕಣ್ಣೂ ಇಲ್ಲ ಎದೆಯೂ ಇಲ್ಲ ಅಂದರು ಡಾಕ್ಟರು. ವಾಪಸು ಬರುವಾಗ ಬಸ್ಸು ಹೊಳೆನರಸೀಪುರ ದಾಟಿದ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು. ಆಮೇಲೆ ಒಂದೇ ಮಾತು: "ಒಗೆ ಇಲ್ದೆ ಇಟ್ಟು ಬೇಯ್ತದಾ? ಆ ಡಾಕ್ಟ್ರ ಎಂಡ್ರು ಬಿಸ್ಲಲ್ಲಿಟ್ಟು ಬೇಯಿಸ್ತಾಳೇನೋ."

ತಮಾಷೆ ಮಾಡಿದರೂ ಅವರ ಕೈ ನನ್ನ ಕೈಯನ್ನು ಬಿಟ್ಟಿರಲಿಲ್ಲ.

ಅಂಥ ಹೊತ್ತಿನಲ್ಲಿ ನಮ್ಮೂರಿಗೆ ಬ್ಲಾಕ್ ಆಫೀಸಿನಿಂದ ಒಬ್ಬ ಗ್ರಾಮಸೇವಿಕೆ ಬಂದರು. ನನ್ನ ವಯಸ್ಸಿನವರೇ, ಕಪ್ಪು ಕೊಡೆ, ಧೂಳಾದ ಚಪ್ಪಲಿ. ಹೊಗೆ ಇಲ್ಲದ ಒಲೆ ಕಟ್ಟಿಕೊಡುತ್ತೇನೆ ಅಂದರು. ಮಣ್ಣು, ಹೊಟ್ಟು, ಸಗಣಿ ಕಲೆಸಿ ಕಟ್ಟುವ ಒಲೆ. ಒಂದೇ ಬಾಯಿಗೆ ಸೌದೆ ಇಟ್ಟರೆ ಉರಿ ಒಳಗೊಳಗೇ ಹೋಗಿ ಎರಡು ಪಾತ್ರೆಗೆ ತಾಕುತ್ತದೆ. ಹೊಗೆ ಹಿಂದಿನ ತಗಡಿನ ಕೊಳವೆ ಹಿಡಿದು, ಅಟ್ಟವನ್ನು ದಾಟಿ, ಹೆಂಚಿನ ಮೇಲೆ ಹೋಗುತ್ತದೆ. ಇದರಲ್ಲಿ ಎಲ್ಲಿಯೂ ಯಂತ್ರವಿರಲಿಲ್ಲ. ಮಣ್ಣನ್ನೇ ಇನ್ನೊಂದು ರೀತಿಯಲ್ಲಿ ಕೂರಿಸಿದ್ದರು, ಅಷ್ಟೆ. ಇದೂ ವಿಜ್ಞಾನವಾದರೆ ನಮ್ಮಂಥವರಿಗೂ ಅದರಲ್ಲಿ ಒಂದು ಪಾಲಿದೆ ಅಂತ ನನಗೆ ಅವತ್ತು ಬಹಳ ಖುಷಿಯಾಯಿತು.

ಹೆಂಚು ತೆಗೆದು ತೂತು ಮಾಡುವುದಕ್ಕೆ ಮಾವ ಒಂದಿಷ್ಟು ಗೊಣಗಿ, ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು. ಹಳೇ ಒಲೆಯನ್ನು ಮುಟ್ಟಬಾರದು. ಹೊಸದು ಪಕ್ಕದಲ್ಲೇ ಇರಲಿ, ಸರಿಹೋದರೆ ನೋಡೋಣ.

ತಪ್ಪಾದದ್ದು ಅಲ್ಲೇ. ನಮ್ಮ ಕಡೆ ಒಂದು ಮನೆಯಲ್ಲಿ ಎರಡನೇ ಒಲೆ ಹೂಡಿದರು ಅಂದರೆ ಮನೆ ಒಡೆಯಿತು ಅಂತಲೇ ಅರ್ಥ. ಜಮೀನು ಪಾಲಾಗುವ ಮೊದಲು ಒಲೆ ಪಾಲಾಗುತ್ತದೆ. ಮಣ್ಣು ಇನ್ನೂ ಒಣಗಿರಲಿಲ್ಲ, ಬಾವಿಕಟ್ಟೆಯಲ್ಲಿ ನನ್ನನ್ನು ನೋಡಿದ ಹೆಂಗಸರು ಮಾತು ನಿಲ್ಲಿಸತೊಡಗಿದರು. ಸೊಸೆ ಬಂದು ವರ್ಷ ತುಂಬುವ ಮೊದಲೇ ಒಲೆ ಬೇರೆ ಮಾಡಿಸಿದಳು ಅನ್ನುವ ಸುದ್ದಿ ಹರದನಹಳ್ಳಿಯವರೆಗೂ ಹೋಯಿತು. ಆಕಾಶದ ಗೋಳಕ್ಕೂ ಅಷ್ಟು ವೇಗವಿರಲಾರದು.

ಹರದನಹಳ್ಳಿಯಿಂದ ಅತ್ತೆಯ ಅಣ್ಣ ನ್ಯಾಯ ಮಾಡಲು ಬಂದೇಬಿಟ್ಟರು. ದಪ್ಪ ಮೀಸೆ, ಹೆಗಲ ಮೇಲೆ ಕಂಬಳಿ. ಕಾಲಿಗೆ ನೀರು ಕೊಟ್ಟರೆ ಮುಟ್ಟಲಿಲ್ಲ. ಪಡಸಾಲೆಯಲ್ಲಿ ಕೂತು ನನ್ನನ್ನೇ ಕರೆದರು.

"ಏನಮ್ಮಿ, ನಮ್ಮ್ ತಂಗಿ ಮನೇಲಿ ನಿಂಗೇನ್ ಕಮ್ಮಿಯಾಗೈತೆ?"

"ಗಾಳಿ," ಅಂದೆ.

ಅವರಿಗೆ ಅರ್ಥವಾಗಲಿಲ್ಲ. ಅತ್ತೆ ಒಳಗಿನಿಂದ ಬಂದು ಅಣ್ಣನ ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಮೊದಲು ಹಳೇ ಒಲೆ ಹಚ್ಚಿದರು. ಅಣ್ಣ ಕೆಮ್ಮಿ ಕೆಮ್ಮಿ ಹೊರಗೆ ಬಂದರು. ಹೊಸ ಒಲೆ ಹಚ್ಚಿ ಮತ್ತೆ ಕರೆದರು. ಈ ಸಲ ಅಲ್ಲೇ ಗೋಡೆಗೊರಗಿ ಕೂತು, ಬಿಸಿ ಮುದ್ದೆ, ಅವರೆಕಾಳಿನ ಸಾರು ಉಂಡು ಎದ್ದರು. ಹೊರಡುವಾಗ ಬರಿಗೈಲಿ ಕಳಿಸಬಾರದು ಅಂತ ಮಾವ ಅಟ್ಟ ಹತ್ತಿ ಬಿತ್ತನೆ ಅವರೆಯ ಒಂದು ಗಂಟು ಇಳಿಸಿಕೊಟ್ಟರು. ಹುಲ್ಲು ಸುತ್ತಿ ಬಿಗಿದ, ಮಸಿ ಹಿಡಿದು ಕಪ್ಪಾದ ಗಂಟು. ನ್ಯಾಯ ಮಾಡಲು ಬಂದವರು ಅವರೆ ಬೀಜ ಹೊತ್ತುಕೊಂಡು ನಗುನಗುತ್ತಾ ಹೋದರು.

ಆದರೂ ಊರ ಬಾಯಿ ಮುಚ್ಚಲಿಲ್ಲ. ಎರಡು ಒಲೆ ಇರುವವರೆಗೂ ಅದು ಮುಚ್ಚುವುದಿಲ್ಲ ಅಂತ ಅತ್ತೆಗೆ ಗೊತ್ತಿತ್ತು. ಒಂದು ಶುಕ್ರವಾರ ಸ್ನಾನ ಮಾಡಿ, ಹಳೇ ಒಲೆ ಸಾರಿಸಿ, ಅರಿಶಿನ ಕುಂಕುಮ ಇಟ್ಟು, ಅದರದೇ ಕೆಂಡವನ್ನು ತೆಗೆದು ಹೊಸ ಒಲೆಗೆ ಹಾಕಿದರು. ಆಮೇಲೆ ತಾವೇ ಹಳೆಯದನ್ನು ಒಡೆದರು. ಆ ಮನೆಗೆ ಸೊಸೆಯಾಗಿ ಬಂದವರೆಲ್ಲ ಆ ಒಲೆಯ ಮುಂದೆಯೇ ಮುದುಕಿಯರಾಗಿದ್ದರು. ಒಡೆಯುವಾಗ ಅವರು ಅತ್ತರು. ನಾನೂ ಅತ್ತುಬಿಟ್ಟೆ. ಒಡೆದ ಮಣ್ಣನ್ನು ತಿಪ್ಪೆಗೆ ಹಾಕಲು ಬಿಡದೆ ಹಿತ್ತಲಿನ ತುಳಸಿ ಬುಡಕ್ಕೆ ಹಾಕಿಸಿದರು.

ನಂತರದ ತಿಂಗಳುಗಳನ್ನು ನೆನೆದರೆ ಈಗಲೂ ಮನಸ್ಸು ತಣ್ಣಗಾಗುತ್ತದೆ. ಕೆಮ್ಮು ಇಳಿಯಿತು. ಕಣ್ಣಿನ ನೀರು ನಿಂತಿತು. ಒಂದು ಬೆಳಿಗ್ಗೆ ಹಿಟ್ಟು ತಿರುಗಿಸುತ್ತಿದ್ದ ಅತ್ತೆ ಕೋಲು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು.

"ಗದ್ದದ ಮ್ಯಾಲೆ ಗಾಯ ಯಾವಾಗ ಆಯ್ತಮ್ಮಿ?"

"ಚಿಕ್ಕೋಳಿದ್ದಾಗ, ಅತ್ತೆಮ್ಮ. ಅಂಗಡಿ ಮೆಟ್ಲ ಮೇಲೆ ಬಿದ್ದಿದ್ದೆ."

"ಅಯ್ಯೋ, ನಂಗ್ ಕಂಡೇ ಇರ್ನಿಲ್ವಲ್ಲ," ಅಂದು ಕೋಲು ಅಲ್ಲೇ ಬಿಟ್ಟು ನನ್ನ ಗದ್ದ ಸವರಿದರು. ಅವತ್ತಿನ ಮುದ್ದೆ ಗಂಟುಗಂಟಾಗಿತ್ತು, ಯಾರೂ ದೂರಲಿಲ್ಲ.

ಇನ್ನೂ ದೊಡ್ಡ ಬದಲಾವಣೆ ಮಾವನದು. ಮಣೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಒಲೆಯ ಹತ್ತಿರ ಕೂತು ಉಣ್ಣಲು ಶುರುಮಾಡಿದರು. ಇಬ್ಬರೂ ಏನೇನೋ ಮಾತಾಡುತ್ತಿದ್ದರು, ಎತ್ತಿನ ಕಾಲು, ಯಾರದೋ ಮದುವೆ, ಎಂದೋ ಬಿದ್ದ ಮಳೆ. ಅಷ್ಟು ವರ್ಷ ಸಂಸಾರ ಮಾಡಿದವರು ಹೊಸದಾಗಿ ಪರಿಚಯವಾದ ಹಾಗೆ ಕಾಣುತ್ತಿದ್ದರು. ನಾನು ಪಾತ್ರೆ ನೆಪ ಮಾಡಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಸರ್ಕಾರ ಒಲೆಯ ಲಾಭ ಹೇಳುವಾಗ ಸೌದೆ ಉಳಿಯುತ್ತದೆ ಅಂತ ಹೇಳುತ್ತಿತ್ತು. ಇದನ್ನೂ ಸೇರಿಸಿ ಹೇಳಬೇಕಿತ್ತು ಅಂತ ನನ್ನ ಅಭಿಪ್ರಾಯ.

ಮುಂಗಾರು ಬಂತು. ರಾಗಿಯ ಜೊತೆ ಸಾಲಿಗೆ ಹಾಕಲು ಮಾವ ಅಟ್ಟದಿಂದ ಅವರೆ ಬೀಜದ ಗಂಟುಗಳನ್ನು ಇಳಿಸಿದರು. ಹುಲ್ಲು ಬಿಚ್ಚಿದ ಕೂಡಲೇ ಮೊರದ ತುಂಬ ಬಿಳಿ ಹುಡಿ. ಕಾಳುಕಾಳಿಗೂ ತೂತು, ತೂತಿನಿಂದ ಹುಳ. ಇನ್ನೊಂದು ಗಂಟು, ಮತ್ತೊಂದು, ಎಲ್ಲವೂ ಹಾಗೇ. ಅದು ಮಾವನ ಅವ್ವನ ಕಾಲದಿಂದ ಬಂದ ಬೀಜ. ಅದರ ಸೊಗಡು ಬೀದಿಯ ಕೊನೆಯವರೆಗೂ ಹೋಗುತ್ತಿತ್ತು. ಬೀಜವನ್ನು ಅಟ್ಟ ಕಾಯುತ್ತದೆ ಅಂತ ಎಲ್ಲರೂ ತಿಳಿದಿದ್ದೆವು. ಕಾಯುತ್ತಿದ್ದದ್ದು ಹೊಗೆ ಅಂತ ಮಾವನಿಗೂ ಗೊತ್ತಿರಲಿಲ್ಲ, ಅತ್ತೆಗೂ ಗೊತ್ತಿರಲಿಲ್ಲ, ಗ್ರಾಮಸೇವಿಕೆಗೂ ಗೊತ್ತಿರಲಿಲ್ಲ. ಎಲ್ಲ ಗೊತ್ತಿದ್ದವಳ ಹಾಗೆ ಮಾತಾಡುತ್ತಿದ್ದ ನನಗಂತೂ ಗೊತ್ತೇ ಇರಲಿಲ್ಲ.

ಮಾವ ಎದ್ದು ಹೋಗಿ ಹಾರೆ ತಂದರು.

"ಆ ಒಲೆ ಒಡೀತೀನಿ. ಮೊದ್ಲಿದ್ದಂಗೆ ಕಟ್ಕೊಳಿ."

ಅತ್ತೆ ಒಲೆಗೆ ಅಡ್ಡ ಕೂತರು. ಮಾವನಿಗೆ ಎದುರಾಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ದನಿ ಏರಿಸದೆ ಹೇಳಿದರು:

"ಬೀಜ ನಮ್ಮಣ್ಣನ ಮನೇಲಿ ಒಂದ್ ಗಂಟೈತೆ, ಓಗಿ ಈಸ್ಕೊಂಡ್ ಬನ್ನಿ. ನನ್ ಕಣ್ಣು ಯಾರ್ ಮನೇಲೈತೆ?"

ಹಾರೆ ಗೋಡೆಗೊರಗಿತು. ಅವತ್ತು ಮಾವ ಮತ್ತೆ ಪಡಸಾಲೆಯಲ್ಲೇ ಉಂಡರು. ಅತ್ತೆ ಒಳಗೆ ಒಬ್ಬರೇ ಉಂಡರು. ಇಬ್ಬರಿಗೂ ಬಡಿಸಿದವಳು ನಾನು. ಓದಿದ ಪೊಟ್ಟಣಗಳನ್ನೆಲ್ಲ ನೆನಪಿಗೆ ತಂದುಕೊಂಡೆ, ಯಾವುದರಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಮಾವ ಉಂಡು ಅಲ್ಲೇ ಅಡ್ಡಾಗಿ ಸೂರನ್ನೇ ನೋಡುತ್ತಿದ್ದರು.

ಮಾರನೆಯ ದಿನ ಏಣಿ ಹಾಕಿ ಹತ್ತಿದರು. ಹೆಂಚಿನಿಂದ ಹೊರಗೆ ಚಾಚಿದ್ದ ಕೊಳವೆಯನ್ನು ಒಳಕ್ಕೆ ಎಳೆದು, ಅಟ್ಟದಲ್ಲೇ ಬಾಯಿ ಬಿಡುವ ಹಾಗೆ ಮೋಟು ಮಾಡಿದರು. ಕಿಡಿ ಹಾರದಿರಲಿ ಅಂತ ಅದರ ಬಾಯಿಗೆ ತೂತುತೂತಾದ ಹಳೇ ಮಡಕೆ ಬೋರಲು ಹಾಕಿದರು. ಹೆಂಚನ್ನು ಮೊದಲಿನ ಹಾಗೆ ಹೊದಿಸಿದರು. ಆಮೇಲೆ ಅಟ್ಟದ ಹಲಗೆಗಳ ಸಂದಿಗೆಲ್ಲ ಮಣ್ಣು ಸಗಣಿ ಮೆತ್ತಿ, ಹೊಗೆಯ ಒಂದೆಳೆಯೂ ಕೆಳಗಿಳಿಯದ ಹಾಗೆ ಮುಚ್ಚಿದರು. ಇಳಿದು ಬಂದಾಗ ಮೀಸೆಯೆಲ್ಲ ಮಸಿ.

"ಅಡ್ಗೆಮನೆ ನಿಂದು," ಅಂದರು ಅತ್ತೆಗೆ. "ಅಟ್ಟ ನಂದು. ಹಚ್ಚು, ನೋಡಾನ."

ಅತ್ತೆ ಹಚ್ಚಿದರು. ಮೂವರೂ ತಲೆಯೆತ್ತಿ ನೋಡುತ್ತಾ ಕೂತೆವು. ಕೆಳಗೆ ಹೊಗೆ ಇಲ್ಲ. ಅಂಗಳಕ್ಕೆ ಹೋಗಿ ನೋಡಿದರೆ ಹೆಂಚಿನ ಸಂದಿಯಲ್ಲಿ ಮೊದಲಿನ ಹಾಗೆಯೇ ನಿಧಾನಕ್ಕೆ ಏಳುತ್ತಿತ್ತು. ಮಾವ ಮಣೆ ತಂದು ಒಲೆಯ ಪಕ್ಕ ಹಾಕಿಕೊಂಡರು.

ಕೆಲವು ದಿನಗಳ ಮೇಲೆ ಗ್ರಾಮಸೇವಿಕೆ ಬಂದು ಸೂರಿನ ಮೇಲೆ ಕೊಳವೆ ಹುಡುಕಿದರು. ಹೊಗೆ ಮನೆಯಿಂದ ಆಚೆ ಹೋಗಬೇಕಲ್ಲವೇ ಅಂದರು.

"ಓಗ್ತದೆ ಕಣಮ್ಮಾ," ಅಂದರು ಮಾವ. "ಅದ್ಕೆ ಮ್ಯಾಲೆ ಒಸಿ ಕೆಲ್ಸ ಐತೆ, ಮುಗಿಸ್ಕೊಂಡ್ ಓಗ್ತದೆ."

ಆಕೆ ಏಣಿ ಹತ್ತಿ ಒಳಗೆ ಇಣುಕಿ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಕ್ಕರು. ಮುಂದಿನ ಊರುಗಳಲ್ಲಿ ಮೊದಲು ಅಟ್ಟದಲ್ಲಿ ಏನಿಟ್ಟಿದ್ದೀರಿ ಅಂತ ಕೇಳಿ ಆಮೇಲೆ ಒಲೆ ಕಟ್ಟುತ್ತೇನೆ ಅಂದರು. ನನಗೆ ಆ ಹುಡುಗಿ ಮೇಲೆ ಗೌರವ ಹುಟ್ಟಿದ್ದು ಅವತ್ತು.

ಆ ವರ್ಷ ಹರದನಹಳ್ಳಿಯಿಂದ ಅರ್ಧ ಗಂಟು ಬೀಜ ವಾಪಸು ಬಂದು ಬೆಳೆ ಕೈಗೆ ಹತ್ತಿತು. ಅದರಲ್ಲಿ ತೆಗೆದಿಟ್ಟ ಬಿತ್ತನೆ ಅಟ್ಟ ಸೇರಿತು. ಮರುವರ್ಷ ಮಾವ ಗಂಟು ಬಿಚ್ಚುವಾಗ ನಾವಿಬ್ಬರೂ ಪಕ್ಕದಲ್ಲೇ ಕೂತಿದ್ದೆವು. ಕಾಳು ಮೊರಕ್ಕೆ ಗಟ್ಟಿಯಾಗಿ ಸದ್ದು ಮಾಡುತ್ತಾ ಬಿತ್ತು.

ಮೊಳಕೆ ಬಂದ ಮೇಲೆ ಹೊಲ ನೋಡಲು ಅತ್ತೆಯೂ ಹೊರಟರು. ಬದು ಕಾಣುವುದಿಲ್ಲ ಅಂತ ಅವರು ಹೊಲದ ಕಡೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ನನ್ನ ಕೈ ಹಿಡಿಯದೆ ನಡೆದು, ಬದುವಿನ ಮೇಲೆ ನಿಂತು, ಹಣೆಗೆ ಕೈ ಅಡ್ಡ ಇಟ್ಟುಕೊಂಡರು. ಮಾವ ಹೊಲದ ನಡುವೆ ನಿಂತು ಒಂದೂ ತಪ್ಪದೆ ಹುಟ್ಟಿದೆ ಅಂತ ಹೆಮ್ಮೆಯಿಂದ ಕೂಗಿ ಹೇಳಿದರು.

"ಎಲ್ಲಿ ಉಟ್ಟೈತೆ?" ಅಂದರು ಅತ್ತೆ. "ನಿಮ್ಮ್ ಬಲಗಡೆ ಸಾಲಲ್ಲಿ, ಆ ಕಲ್ಲಿನ್ ಪಕ್ಕ, ಒಂದ್ ಬಿಟ್ಟೋಗೈತೆ ನೋಡಿ."

ಮಾವ ಹೋಗಿ ಬಗ್ಗಿ ನೋಡಿದರು. ಕಲ್ಲಿನ ಪಕ್ಕ ಖಾಲಿ ಇತ್ತು. ಎದ್ದವರು ಆ ಕಡೆ ತಿರುಗಿ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಯಾಕ್ ಅಳ್ತಿದ್ದೀರಾ?" ಅಂತ ಅತ್ತೆ ಬದುವಿನಿಂದಲೇ ಕೇಳಿದರು. ಅಷ್ಟು ದೂರದಿಂದ ಅದೂ ಅವರಿಗೆ ಕಂಡಿತ್ತು.