ಮಾತಾಡಿಸಲು ಹೋಗದ ವಕೀಲ

ಮುಂಬಯಿಯ ವಿಕ್ರೋಳಿಯ ಚಾಳಿನಲ್ಲಿ ನನ್ನ ಖೋಲಿಯ ಬಾಗಿಲಿಗೆ ವಕೀಲನೆಂಬ ಬೋರ್ಡು ಹೊಡೆದುಕೊಟ್ಟವನು ಮೂರು ಬಾಗಿಲು ಆಚೆಗಿನ ನೆರೆಯವನು. ವಿಜಾಪುರದ ಕಡೆಯವನು, ಪವಾಯಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಮೊಳೆ ಹೊಡೆಯುವ ಮುಂಚೆ ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕಿದ್ದ.

“ಇಷ್ಟ ಸಣ್ಣದಿದ್ರ ಯಾರಿಗೆ ಕಾಣ್ಬೇಕ್ರಿ ಸಾಹೇಬ್ರ? ಆ ಹಲ್ಲಿನ ಡಾಕ್ಟರಂದು ನೋಡ್ರಿ, ಸ್ಟೇಶನ್ನಿಂದನ ಕಾಣತೈತಿ.”

ವಕೀಲರ ಬೋರ್ಡು ಅಳತೆ ಮೀರಬಾರದು, ಜಾಹೀರಾತು ಕೊಡಬಾರದು, ಕಕ್ಷಿದಾರರನ್ನು ನಾವಾಗಿ ಹುಡುಕಿಕೊಂಡು ಹೋಗಬಾರದು, ಬೇರೆಯವರನ್ನೂ ಕಳಿಸಬಾರದು ಎಂದು ಅವನಿಗೆ ಪಾಠವನ್ನೇ ಮಾಡಿದೆ. ಬಾಯಲ್ಲಿ ಮೊಳೆ ಕಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಚಹಾ ಕುಡಿದು ಹೋದ.

ನಿಯಮದ ವಿಷಯದಲ್ಲಿ ನನಗೆ ಆಗ ಸೊಕ್ಕಿತ್ತು. ಹೌದು, ಸೊಕ್ಕೇ. ಕೋರ್ಟಿನ ಗೇಟಿನಲ್ಲಿ ಹಳ್ಳಿಯವರ ತೋಳು ಹಿಡಿದೆಳೆಯುವ ದಲಾಲರನ್ನು, ಆಸ್ಪತ್ರೆಯ ವರಾಂಡದಲ್ಲಿ ಸುಳಿದಾಡುವ ಕರಿ ಕೋಟುಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಕೇಸಿಲ್ಲದೆ ನೊಣ ಹೊಡೆಯುತ್ತ ಕೂತಿದ್ದರೂ ನಾನು ಅವರಂಥವನಲ್ಲ ಎಂಬುದೇ ನನ್ನ ದೊಡ್ಡಸ್ತಿಕೆ.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಕೆಲಸ ಮಾಡುತ್ತಿದ್ದಾಗಲೇ ಕಟ್ಟಡದ ಸಾರುವೆ ಕುಸಿದು ಆ ನೆರೆಯವನು ಸತ್ತ.

ನಮ್ಮ ಕಡೆ ಸಾವಿನ ಮನೆಗೆ ಹೋಗಿ ಮಾತಾಡಿಸಿ ಬರುವುದು ವಾಡಿಕೆ. ಹೇಳಲು ಏನೂ ಇರಬೇಕಾಗಿಲ್ಲ; ಸುಮ್ಮನೆ ಕೂತು ಎದ್ದು ಬಂದರೂ ಮಾತಾಡಿಸಿದಂತೆಯೇ. ಇಡೀ ಚಾಳು ಹೋಗಿ ಬಂತು. ನಾನು ಹೋಗಲಿಲ್ಲ. ಕೆಲಸದ ಮೇಲೆ ಸತ್ತವನ ಹೆಂಡತಿಗೆ ಕಾಯ್ದೆಯ ಪ್ರಕಾರ ಪರಿಹಾರ ಬರಬೇಕೆಂಬುದು ಚಾಳಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹೋಗಲಿಲ್ಲ. ಹೆಣದ ಹಿಂದೆಯೇ ವಕೀಲ ಬಂದ ಎಂದು ಜನ ಆಡಿಕೊಂಡಾರೆಂಬ ಭಯ.

ನನ್ನ ಹೆಂಡತಿ ಧಾರವಾಡದವಳು, ಸಿಟ್ಟಿಗೆದ್ದಳು. “ಮಾತಾಡಿಸಿ ಬರ್ಲಿಕ್ಕೆ ಯಾವ ಕಾಯ್ದೆ ಅಡ್ಡ ಬರ್ತದ? ಹೋಗ್ಲಿ, ನಿಮ್ಮ ಹತ್ರ ಬಾ ಅಂತ ನಾನರೆ ಆಕಿಗೆ ಹೇಳ್ಲೇನು?”

“ನೀ ಹೇಳಿದ್ರೂ ನಾ ಹೇಳಿ ಕಳಿಸಿದ್ಹಂಗ ಆಗ್ತದ. ಬೇಕಾದ್ರ ಆಕಿನ ಬರ್ಲಿ,” ಎಂದೆ.

ಆಕೆ ಬರಲಿಲ್ಲ. ನಾನೋ, ಬಾಗಿಲು ತೆರೆದಿಟ್ಟುಕೊಂಡು ದಿನಾ ಕಾದೆ. ಹದಿನೈದು ದಿನದೊಳಗೆ ಅವರ ಖೋಲಿಗೆ ಬೀಗ ಬಿತ್ತು. ಊರಿಗೆ ಹೋದಳೆಂದರು.

ಮೂರು ವರ್ಷದ ಮೇಲೆ ಆಕೆ ಮತ್ತೆ ಮುಂಬಯಿಗೆ ಬಂದು ಕಾಂದಿವಲಿಯಲ್ಲಿ ಗಾರೆ ಹೊರುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ನನ್ನ ಹೆಂಡತಿಯನ್ನು ನೋಡಲು ಬಂದಾಗ ಎಲ್ಲ ತಿಳಿಯಿತು. ಕಂತ್ರಾಟುದಾರನ ಮನುಷ್ಯ ಮೂರನೆಯ ದಿನವೇ ಬಂದು, ಚಾಪೆಯ ಮೇಲೆ ಕೂತು ಮಾತಾಡಿಸಿ, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ಸಾರುವೆ ಕುಸಿದ ದಿನ ಆಕೆಯ ಗಂಡ ಕೆಲಸಕ್ಕೇ ಬಂದಿರಲಿಲ್ಲ, ಯಾರನ್ನೋ ಕಾಣಲು ಬಂದು ಬಿದ್ದ ಎಂದು ಅದರಲ್ಲಿ ಬರೆದಿತ್ತು.

“ಹೆಬ್ಬಟ್ಟು ಒತ್ತೂಕಿಂತ ಮೊದ್ಲ ನನ್ನ ಒಂದ್ಮಾತು ಕೇಳಬಾರದಿತ್ತೇನವ್ವಾ?” ಎಂದೆ.

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. “ಎಲ್ಲಾರೂ ಮಾತಾಡ್ಸಾಕ ಬಂದ್ರು, ನೀವೊಬ್ರ ಬರಲಿಲ್ರಿ. ಕಾಯ್ದೆ ಬಲ್ಲವ್ರ ಬರಲಿಲ್ಲಂದ್ರ, ಕಾಯ್ದೆದಾಗ ನಮಗೇನೂ ಇಲ್ಲ ಅಂತ ತಿಳ್ಕೊಂಡ್ನಿರಿ.”

ಅರ್ಜಿ ಹಾಕುವ ಅವಧಿ ಮುಗಿದುಹೋಗಿತ್ತು. ತಡವನ್ನು ಮನ್ನಿಸಬೇಕೆಂದು ಬೇಡಿಕೊಂಡು ಹಾಕಿದೆ. ಸಾಕ್ಷಿ ಹೇಳಬೇಕಾದ ಕೂಲಿಗಳು ದಿಕ್ಕಾಪಾಲಾಗಿದ್ದರು. ಹೆಬ್ಬೆಟ್ಟಿನ ಕಾಗದ ಮಾತ್ರ ನೆಟ್ಟಗೆ ಕೋರ್ಟಿಗೆ ಬಂತು. ಅರ್ಜಿ ವಜಾ ಆಯಿತು. ಆಕೆ ನನಗೆ ಕೈಮುಗಿದು, ಕೆಲಸಕ್ಕೆ ಹೊತ್ತಾಯಿತೆಂದು ಲೋಕಲ್ ಹಿಡಿಯಲು ಹೋದಳು.

ಆ ಸಂಜೆ ನಿಯಮಗಳ ಪುಸ್ತಕ ತೆಗೆದೆ. ಕಕ್ಷಿದಾರರನ್ನು ಹುಡುಕಿಕೊಂಡು ಹೋಗಬಾರದೆಂಬ ಸಾಲು ಅಲ್ಲೇ ಇತ್ತು. ಮೊದಲಿನಿಂದಲೂ ವೈಯಕ್ತಿಕವಾಗಿ ಒಡನಾಟ, ಬಳಕೆ ಇದ್ದವರನ್ನು ಹೋಗಿ ಕಾಣುವುದು ತಪ್ಪಲ್ಲ ಎಂಬ ವಿನಾಯಿತಿಯೂ ಅದರಲ್ಲೇ ಇತ್ತು. ಅದೇನೂ ನನಗೆ ಹೊಸದಲ್ಲ. ಬೆಳಗಾವಿ ಕಡೆಯ ವ್ಯಾಪಾರಿಗಳ ಮನೆಗೆ ಹಬ್ಬಕ್ಕೆ ಹೋದಾಗ, ಅವರ ಅಂಗಡಿಯ ತಂಟೆ ತಕರಾರಿನ ಮಾತನ್ನು ನಾನಾಗಿಯೇ ತೆಗೆಯುವುದಕ್ಕೆ ಆ ವಿನಾಯಿತಿ ಸಾಕಾಗುತ್ತಿತ್ತು. ನನ್ನ ಬಾಗಿಲಿಗೆ ಬೋರ್ಡು ಹೊಡೆದವನೂ ನನ್ನ ಬಳಕೆಯವನೇ ಎಂಬುದು ಮಾತ್ರ ಹೊಳೆದಿರಲಿಲ್ಲ.